ಆರನೆಯ ಕಾಲು

"ಇವತ್ತು ತಾರೀಖು ಎಷ್ಟು?" ಎಂದು ಅವಳು ಕೇಳಿದಾಗ ವಾರ್ಡಿನ ಆಯಾ ನೆಲ ಒರೆಸುವುದನ್ನು ನಿಲ್ಲಿಸಿ, ಕೋಲಿಗೆ ಗದ್ದ ಊರಿ, ಅವಳ ಮುಖವನ್ನೇ ನೋಡಿದಳು. "ನನ್ನನ್ನ ಕೇಳ್ತೀರಲ್ಲ ಸಿಸ್ಟರ್! ನಂಗೆ ಗೊತ್ತಿರೋದು ಎರಡೇ ದಿನ, ರಜ ಇರೋದು, ರಜ ಇಲ್ಲದ್ದು. ನಿಮ್ಮ ತಲೆ ಮೇಲೇ ನೇತಾಡ್ತಿದೆಯಲ್ಲ ಕ್ಯಾಲೆಂಡರು." ನೇತಾಡುತ್ತಿತ್ತು. ನಾಲ್ಕು. ಅವಳಿಗೆ ಅದು ಮನೆಯಿಂದ ಹೊರಡುವಾಗಲೇ ಗೊತ್ತಿತ್ತು. ಬಸ್ಸಿನಲ್ಲಿ ಮುಂದೆ ಕೂತವನ ಪತ್ರಿಕೆಯಲ್ಲಿ ಕಂಡಿತ್ತು, ಕೈಗಡಿಯಾರದ ಪುಟ್ಟ ಕಿಟಕಿಯಲ್ಲೂ ಇತ್ತು. ಆದರೂ ಕೇಳದೆ ಬರೆಯಲು ಆಗುತ್ತಿರಲಿಲ್ಲ. ಹತ್ತು ಹನ್ನೆರಡು ದಿನಗಳಿಂದ ಹೀಗೆ. ಕಾಗದದ ಮೇಲೆ ತಾರೀಖು ಹಾಕುವ ಮೊದಲು, ಡ್ರಿಪ್ಪಿನ ಬಾಟಲಿಗೆ ಚೀಟಿ ಅಂಟಿಸುವ ಮೊದಲು ಅದನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳಬೇಕು. ಇವಳು ಫೋನಿನಲ್ಲಿ ತಾರೀಖು ಕೇಳಿದ್ದಕ್ಕೆ ಔಷಧಿ ಕೊಡುವವನು ನಿನ್ನೆ, "ಏನ್ ಸಿಸ್ಟರ್, ಬಿಡುಗಡೆ ದಿನ ಎಣಿಸ್ತಿದ್ದೀರಾ?" ಎಂದಿದ್ದ. ಅವಳು ನಕ್ಕಿದ್ದಳು. ನಗುವುದು ಕಷ್ಟವಾಗಿರಲಿಲ್ಲ. ಗಂಡ ತೀರಿಹೋದಮೇಲಿನ ಎರಡು ವರ್ಷಗಳಲ್ಲಿ ಎಲ್ಲೆಲ್ಲಿ ನಗಬೇಕು ಎನ್ನುವುದನ್ನು ಬೇರೆಯವರ ಮುಖ ನೋಡಿ ಕಲಿತುಕೊಂಡಿದ್ದಳು.

ಮಕ್ಕಳ ವಾರ್ಡಿನ ಮೂಲೆಯ ಗಾಜಿನ ಕೋಣೆಯಲ್ಲಿ ಜೀರುಂಡೆ ಮಲಗಿದ್ದಳು. ಆರು ವರ್ಷದ ಹುಡುಗಿ. ಆ ಹೆಸರಿಟ್ಟವಳು ಆಯಾ. ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದು, ಕೀವೆಲ್ಲ ಹರಡಿ, ಐಸಿಯುನಲ್ಲಿ ಐದು ದಿನ ಸಾವಿನ ಜೊತೆ ಜಗ್ಗಾಡಿ ವಾರ್ಡಿಗೆ ಬಂದ ಹುಡುಗಿ, ಬಂದ ಗಳಿಗೆಯಿಂದ ಬಾಯಿ ಮುಚ್ಚಿರಲಿಲ್ಲ. ಸೂಜಿಗೆ ನೋವಾಗಲ್ವಾ? ಡಾಕ್ಟರಿಗೆ ಜ್ವರ ಬಂದ್ರೆ ಯಾರ ಹತ್ರ ಹೋಗ್ತಾರೆ? ನೀವು ರಾತ್ರಿ ಇಲ್ಲೇ ಬೀರೂಲಿ ಮಲಗ್ತೀರಾ? "ಅಬ್ಬಬ್ಬಾ, ಇದು ಮಗುವಲ್ಲ ಕಣಮ್ಮ, ಜೀರುಂಡೆ. ಒಂದೇ ಸಮ ಕಿರ್ರ್ ಅನ್ನುತ್ತೆ" ಎಂದು ಆಯಾ ಕಿವಿ ಮುಚ್ಚಿಕೊಂಡಿದ್ದೇ ನೆಪ, ಹುಡುಗಿ ಆ ಹೆಸರನ್ನು ಬಹುಮಾನದ ಹಾಗೆ ಎತ್ತಿಟ್ಟುಕೊಂಡಿದ್ದಳು. ಈಗ ಕೋಣೆಯಲ್ಲಿ ಡ್ರಿಪ್ಪಿನ ಯಂತ್ರದ ಸದ್ದು ಮಾತ್ರ ಇತ್ತು. ರಾತ್ರಿಪಾಳಿಯ ನರ್ಸ್ ಸ್ವೆಟರಿನ ಗುಂಡಿ ಬಿಚ್ಚುತ್ತಾ ಅವಳಿಗೆ ವರದಿ ಒಪ್ಪಿಸಿದಳು: "ಬಲಗಡೆ ಹತ್ತು, ಎಡಗಡೆ ಸೊನ್ನೆ. ಜ್ವರ ಹಾಗೇ ಇದೆ. ಕರೆದ್ರೆ ಕಣ್ಣು ಬಿಡ್ತಾಳೆ, ಮಾತಿಲ್ಲ." ಹತ್ತು ಎಂದರೆ ಹತ್ತು ಮಿಲಿಲೀಟರು. ಎರಡು ಚಮಚ. ಇಡೀ ರಾತ್ರಿಗೆ ಮಗುವಿನ ದೇಹ ಹೊರಹಾಕಿದ ಮೂತ್ರ ಅಷ್ಟೇ. ಹುಡುಗಿಯ ಬೆನ್ನಿನಿಂದ ಎರಡು ಸಣ್ಣ ನಳಿಕೆಗಳು ಹೊರಬಂದು ಮಂಚದ ಎರಡು ಬದಿಯ ಎರಡು ಚೀಲಗಳಿಗೆ ಇಳಿದಿದ್ದವು. ಮೂತ್ರದಲ್ಲಿ ಬೆಳೆದ ಫಂಗಸ್ಸು ಮೇಲೇರಿ ಎರಡೂ ಕಿಡ್ನಿಗಳಲ್ಲಿ ಒದ್ದೆ ಹತ್ತಿಯ ಉಂಡೆಯ ಹಾಗೆ ಕಟ್ಟಿಕೊಂಡು ದಾರಿ ಮುಚ್ಚಿತ್ತು. ಕೆಳಗಿನ ದಾರಿ ಮುಚ್ಚಿದ್ದಕ್ಕೆ ಬೆನ್ನಿನಲ್ಲಿ ಹೊಸ ದಾರಿ ಕೊರೆದಿದ್ದರು. ಅವಳು ಬಗ್ಗಿ ಬಲಗಡೆಯ ಚೀಲವನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಮಬ್ಬು ಹಳದಿಯ ಒಂದು ಗೆರೆ. ಗೆರೆಯಲ್ಲಿ ಬಿಳಿಯ ಎಳೆಗಳು ತೇಲುತ್ತಿದ್ದವು.

ಚೀಲ ಎನ್ನುವುದು ಜೀರುಂಡೆಯದೇ ಮಾತು. ವಾರ್ಡಿಗೆ ಬಂದ ಹೊಸತರಲ್ಲಿ ಇದ್ದದ್ದು ಒಂದೇ ಚೀಲ, ಆಪರೇಷನ್ ದಿನ ಐಸಿಯುನಲ್ಲಿ ಮೂತ್ರಕ್ಕೆಂದು ಹಾಕಿದ ಕ್ಯಾಥೆಟರ್ ಕೊಳವೆಯದು. ಬೇರೆ ಮಕ್ಕಳು ಅದನ್ನು ನಾಚಿಕೆಯಿಂದ ಹೊದಿಕೆಯಡಿ ಮುಚ್ಚಿಕೊಳ್ಳುತ್ತಿದ್ದವು. ಇವಳು ಮಾತ್ರ ಬೆಳಿಗ್ಗೆ ಎದ್ದ ತಕ್ಷಣ, "ಸಿಸ್ಟರ್, ನನ್ನ ಚೀಲದಲ್ಲಿ ಎಷ್ಟು?" ಎಂದು ಕೂಗುತ್ತಿದ್ದಳು. ನಾನೂರೈವತ್ತು ಎಂದರೆ ಪಕ್ಕದ ಹಾಸಿಗೆಯ ಕಾಲು ಮುರಿದ ಹುಡುಗಿಗೆ, "ನಂದು ನಾನೂರೈವತ್ತು, ನಿಂದು ಸೊನ್ನೆ" ಎಂದು ಸಾರುತ್ತಿದ್ದಳು. ಕಾಲು ಮುರಿದವಳು ಅತ್ತು, ತನಗೂ ಒಂದು ಚೀಲ ಬೇಕೆಂದು ಹಟ ಹಿಡಿದಿದ್ದಳು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಬೇರೆಯವರ ಮುಖ ನೋಡದೆ. ಕಳೆದ ತಿಂಗಳ ಹದಿನೈದನೇ ತಾರೀಖು ಮಧ್ಯಾಹ್ನ ಆ ಚೀಲದ ಬಿರಟೆ ಸೋರುತ್ತಿದೆಯೆಂದು ಹೊಸದನ್ನು ತಂದಾಗ ಹುಡುಗಿಯ ಬೇಡಿಕೆ: "ನನ್ನ ಚೀಲದ ಮೇಲೆ ಜೀರುಂಡೆ ಬಿಡಿಸಿ. ಇಲ್ಲಾಂದ್ರೆ ಬೇರೆಯವರ ಚೀಲಕ್ಕೆ ಅದಲುಬದಲಾಗುತ್ತೆ." ಅವಳು ಬಿಳಿ ಟೇಪನ್ನು ಹರಿದು ತೊಡೆಯ ಮೇಲೆ ಅಂಟಿಸಿಕೊಂಡು ಬಿಡಿಸಿದಳು. ಉದ್ದ ಮೈ, ಎರಡು ರೆಕ್ಕೆ, ಉಬ್ಬಿದ ಕಣ್ಣು. "ಕಾಲು ಐದೇ ಇದೆ! ಆರು ಇರ್ಬೇಕು. ಪುಸ್ತಕದಲ್ಲಿದೆ." ಆರನೆಯ ಕಾಲನ್ನೂ ಎಳೆದಳು. ಹುಡುಗಿ ಎಣಿಸಿ ಒಪ್ಪಿದಳು. ಆಮೇಲೆ, ಚಿತ್ರದ ಪಕ್ಕದಲ್ಲಿ, ಕೈ ತಾನಾಗಿಯೇ ಅಂದಿನ ತಾರೀಖು ಬರೆಯಿತು. ಹದಿನೈದು.

ಆ ವಾರ್ಡಿನ ಪದ್ಧತಿ ಬೇರೆ. ನಿಯಮದಂತೆ ಕ್ಯಾಥೆಟರ್ ಹಾಕಿದ ದಿನವನ್ನು ಮಗುವಿನ ತೊಡೆಗೆ ಅಂಟಿಸಿದ ಟೇಪಿನ ಮೇಲೆ ಬರೆಯಬೇಕು. ಆದರೆ ಮಕ್ಕಳ ಮೈ ಒರೆಸುವಾಗ ಅದು ಒದ್ದೆಯಾಗಿ ಕಿತ್ತುಬರುತ್ತದೆಂದು ಯಾವುದೋ ಕಾಲದಿಂದ ಚೀಲದ ಮೇಲೇ ಬರೆಯುತ್ತಿದ್ದರು. ಚೀಲ ಬದಲಾದರೆ ಹಳೆಯ ಚೀಲದ ತಾರೀಖನ್ನು ಹೊಸದಕ್ಕೆ ನಕಲು ಮಾಡಬೇಕು. ಚೀಲದ ವಯಸ್ಸಲ್ಲ, ಒಳಗಿರುವ ಕೊಳವೆಯ ವಯಸ್ಸು ಮುಖ್ಯ. ಎರಡು ವಾರವಾದರೆ ಡಾಕ್ಟರನ್ನು ಕೇಳಿ ತೆಗೆಯಬೇಕು, ಇಲ್ಲವೇ ಬದಲಿಸಬೇಕು. ಇದನ್ನು ಹೊಸ ಹುಡುಗಿಯರಿಗೆ ಹೇಳಿಕೊಡುತ್ತಿದ್ದವಳು ಅವಳೇ. ಹಳೆಯ ಚೀಲದ ಮೇಲೆ ನಾಲ್ಕು ಎಂದಿತ್ತು. ಅದು ಆಗಲೇ ಆಯಾಳ ಬಕೆಟ್ಟಿಗೆ ಬಿದ್ದು ಹೋಗಿತ್ತು. ಮರುದಿನದಿಂದ ಪ್ರತಿ ಪಾಳಿಯವರೂ ಟೇಪು ನೋಡಿ ಕಾಗದ ತುಂಬಿದರು, ಆಮೇಲೆ ಕಾಗದ ನೋಡಿ ಟೇಪನ್ನು ನಂಬಿದರು. ಐಸಿಯುನ ಹಳೆಯ ಫೈಲು ಯಾರ ಕೈಗೂ ಬರಲಿಲ್ಲ. ಹನ್ನೊಂದು ದಿನದ ಕೊಳವೆ ಒಂದು ಮಧ್ಯಾಹ್ನದಲ್ಲಿ ಹಸುಗೂಸಾಯಿತು.

ಅದೂ ಇರಲಿ. ಎರಡು ದಿನದ ಮೇಲೆ ಪೆನ್ನಿನ ಡಾಕ್ಟರು ಬಾಗಿಲಲ್ಲೇ ನಿಂತು ಕೇಳಿದ್ದರು. ವಾರ್ಡಿನಲ್ಲಿ ಯಾರ ಜೇಬಿನ ಪೆನ್ನೂ ಅವರಿಗೆ ಅವರದೇ ಎಂದು ಕಾಣುವುದರಿಂದ ಆ ಎಳೆ ಡಾಕ್ಟರಿಗೆ ಆ ಹೆಸರು. ಅವರ ಕೈಯಲ್ಲಿ ಲ್ಯಾಬಿನ ಚೀಟಿಯಿತ್ತು, ಜೀರುಂಡೆಯ ಮೂತ್ರದಲ್ಲಿ ಫಂಗಸ್ಸಿನ ಕಣಗಳು ಕಂಡಿವೆ ಎಂದು. "ಸಿಸ್ಟರ್, ಇವಳ ಕ್ಯಾಥೆಟರ್ ಎಷ್ಟು ದಿನದ್ದು?" ಅವಳು ಬಗ್ಗಿ ಚೀಲ ನೋಡಿದಳು. ತನ್ನದೇ ಅಕ್ಷರ. ತನ್ನದೇ ಜೀರುಂಡೆ. "ಎರಡು ದಿನ, ಡಾಕ್ಟರ್." "ಹೊಸದೇ ಹಾಗಾದ್ರೆ. ಸ್ಯಾಂಪಲ್ ತಗೊಳ್ಳುವಾಗ ಏನೋ ಸೇರಿರ್ಬೇಕು. ಜ್ವರ ಇಲ್ಲವಲ್ಲ, ಇರ್ಲಿ ಬಿಡಿ, ನೋಡೋಣ." ಹೀಗೆಂದು ಅವರು ಅವಳ ಮೇಜಿನ ಪೆನ್ನು ತೆಗೆದುಕೊಂಡು ಹೋದರು. ಆ ಕ್ಷಣವನ್ನು ಅವಳು ಎಷ್ಟು ಸಲ ತಿರುಗಿಸಿ ನೋಡಿದ್ದಾಳೋ ಲೆಕ್ಕವಿಲ್ಲ. ಪ್ರತಿ ಸಲವೂ ಸಿಗುವುದು ಒಂದೇ: ಬಗ್ಗಿ ಓದುವಾಗ ಅವಳು ಯೋಚಿಸುತ್ತಿದ್ದದ್ದು ಕೊಳವೆಯನ್ನಲ್ಲ, ಮಗುವನ್ನೂ ಅಲ್ಲ. ನೀಲಿ ಪೆನ್ನು, ಕಳೆದ ವಾರವಷ್ಟೇ ಕೊಂಡದ್ದು, ಈ ಮನುಷ್ಯನ ಕಣ್ಣು ಅದರ ಮೇಲಿದೆ ಎಂದು. ಹಾಸಿಗೆಯಲ್ಲಿ ಕಾಲಾಡಿಸುತ್ತಾ ಜೀರುಂಡೆ, "ಡಾಕ್ಟರ್ ಕಳ್ಳ!" ಎಂದು ಪಿಸುಗುಟ್ಟಿದ್ದಳು. ಅವಳು ತುಟಿಯ ಮೇಲೆ ಬೆರಳಿಟ್ಟು ಕಣ್ಣು ಮಿಟುಕಿಸಿದ್ದಳು.

ಇಪ್ಪತ್ತೆರಡಕ್ಕೆ ಜ್ವರ ಏರಿತು. ಇಪ್ಪತ್ಮೂರಕ್ಕೆ ಕ್ಯಾಥೆಟರ್ ತೆಗೆದರು. ಇಪ್ಪತ್ತೊಂಬತ್ತಕ್ಕೆ ಬೆನ್ನಿಗೆ ನಳಿಕೆ ಬಂತು. ಆ ನಡುವೆ ಒಂದು ದಿನ, ಊಟದ ಹೊತ್ತಿನಲ್ಲಿ, ಅವಳು ದಾಖಲೆ ಕೋಣೆಗೆ ಹೋಗಿ ಐಸಿಯುನ ಫೈಲು ತೆಗೆಸಿ ನೋಡಿದ್ದಳು. ಗುಮಾಸ್ತ ರೊಟ್ಟಿ ಅಗಿಯುತ್ತಾ, "ಯಾರಿಗೆ ಬೇಕಂತೆ?" ಎಂದು ಕೇಳಿದ. "ನಂಗೆ" ಎಂದಳು. ನಾಲ್ಕನೇ ತಾರೀಖು, ಬೆಳಿಗ್ಗೆ ಹನ್ನೊಂದೂವರೆ, ಯಾರದೋ ದುಂಡು ಅಕ್ಷರ. ಅವಳು ಫೈಲನ್ನು ಮೊದಲಿನ ಹಾಗೇ ದಾರ ಸುತ್ತಿ ಕೊಟ್ಟು ಬಂದಳು. ಅದೇ ದಿನ ವಾರ್ಡಿನ ಮೇಲ್ವಿಚಾರಣೆಯ ದೊಡ್ಡ ಸಿಸ್ಟರಿಗೆ ಹೇಳಿಯೂ ಹೇಳಿದಳು, ಬಟ್ಟೆ ಕೋಣೆಯಲ್ಲಿ, ಮಡಿಸಿದ ಹಾಸುಗಳ ನಡುವೆ ನಿಂತು. ದೊಡ್ಡ ಸಿಸ್ಟರು ಅವಳ ಮಾತು ಮುಗಿಯುವವರೆಗೂ ಹಾಸುಗಳನ್ನು ಎಣಿಸುತ್ತಲೇ ಇದ್ದರು. ಆಮೇಲೆ, "ನೋಡಮ್ಮ, ಆ ಫಂಗಸ್ಸು ಎಲ್ಲಿಂದ ಬೇಕಾದ್ರೂ ಬರುತ್ತೆ. ಹೊಟ್ಟೆಯಿಂದ ಬರುತ್ತೆ, ಕತ್ತಿನ ನರಕ್ಕೆ ಹಾಕಿದ ಲೈನಿಂದ ಬರುತ್ತೆ, ಅಷ್ಟೊಂದು ಆಂಟಿಬಯಾಟಿಕ್ ಕೊಟ್ಟಿದ್ದಾರೆ, ಅದ್ರಿಂದ್ಲೂ ಬರುತ್ತೆ. ನಿನ್ನ ಟೇಪಿಂದ್ಲೇ ಬಂತು ಅಂತ ಯಾವ ಡಾಕ್ಟರು ಬರ್ಕೊಡ್ತಾರೆ? ಸುಮ್ನೆ ತಲೆ ಮೇಲೆ ಎಳ್ಕೋಬೇಡ. ಇನ್ನೊಬ್ಬರ ಹತ್ರ ಇದನ್ನ ಎತ್ಲೂಬೇಡ" ಎಂದರು. ಅದು ಸುಳ್ಳಾಗಿರಲಿಲ್ಲ. ಅದೇ ಅದರ ಕಷ್ಟ. ಮರುದಿನ ಬೆಳಿಗ್ಗೆ ಸಿಂಕಿನ ಮೇಲೆ ಒಂದು ಸೂಚನೆ ಅಂಟಿತ್ತು: ತಾಯ್ತಂದೆಯರು ಕೈ ತೊಳೆಯದೆ ಮಗುವನ್ನು ಮುಟ್ಟಬಾರದು. ಕೆಳಗೆ ದೊಡ್ಡ ಸಿಸ್ಟರ ಸಹಿ.

ಆ ಸೂಚನೆಯನ್ನು ಇಡೀ ವಾರ್ಡಿನಲ್ಲಿ ತನಗೆಂದೇ ಬರೆದದ್ದು ಎಂದು ಓದಿದವಳು ಜೀರುಂಡೆಯ ತಾಯಿ. ಬಡಕಲು ಹೆಂಗಸು, ಕೂತಲ್ಲಿ ಕುರ್ಚಿಯ ತುದಿ ಬಿಟ್ಟು ಹಿಂದೆ ಸರಿಯುತ್ತಿರಲಿಲ್ಲ. ಸೂಚನೆ ಬಂದ ದಿನ ಅವಳನ್ನು ಸಿಂಕಿಗೆ ಕರೆದೊಯ್ದು ಕೈ ತೊಳೆಯುವುದನ್ನು ಹೇಳಿಕೊಡುವ ಕೆಲಸ ಬಂದದ್ದೂ ಈ ನರ್ಸಿಗೇ. ಅಂಗೈ, ಹಿಂಗೈ, ಬೆರಳ ಸಂದು, ಉಗುರು, ಮಣಿಕಟ್ಟು, ಮನಸ್ಸಿನಲ್ಲಿ ಇಪ್ಪತ್ತು ಎಣಿಸಬೇಕು. ತಾಯಿ ಶಾಲೆಯ ಹುಡುಗಿಯ ಹಾಗೆ ಬಾಯಲ್ಲೇ ಎಣಿಸಿದ್ದಳು. "ಮೊದ್ಲು ನಾನು ಹೀಗೆ ತೊಳೀತಿರ್ಲಿಲ್ಲ ಸಿಸ್ಟರ್. ಬರೀ ನೀರು ಹಾಕ್ಕೋತಿದ್ದೆ" ಎಂದಳು. "ಪರವಾಗಿಲ್ಲ" ಎಂದಳು ಅವಳು. ಪರವಾಗಿಲ್ಲ! ಕ್ಷಮಿಸುವವಳ ದನಿಯಲ್ಲಿ ಹೇಳಿದ್ದಳು ಅದನ್ನು. ಈಗ ತಾಯಿಯ ಕೈಗಳು ಹೇಗಾಗಿದ್ದವೆಂದರೆ ಗಂಟುಗಂಟಿನ ಮೇಲೂ ಚರ್ಮ ಸೀಳಿ ಕೆಂಪು ಕಾಣುತ್ತಿತ್ತು. ಮಗುವನ್ನು ಮುಟ್ಟುವ ಮೊದಲು ತೊಳೆಯುವಳು, ಮುಟ್ಟಿದ ಮೇಲೆ ತೊಳೆಯುವಳು, ಮುಟ್ಟದೆ ಬರೀ ನೋಡಿದರೂ ಎದ್ದು ಹೋಗಿ ತೊಳೆಯುವಳು.

"ಇವತ್ತು ಎಷ್ಟು ಸಿಸ್ಟರ್?" ಎಂದು ತಾಯಿ ಈಗ ಕೇಳಿದಳು. ಮಗಳ ಪ್ರಶ್ನೆಯನ್ನು ತಾಯಿ ಯಾವಾಗ ತೆಗೆದುಕೊಂಡಳೋ ತಿಳಿಯದು. "ಬಲಗಡೆ ಹತ್ತು." "ನಿನ್ನೆ ಹದಿನೆಂಟಿತ್ತು." "ಹೌದು." ತಾಯಿ ತಲೆಯಾಡಿಸಿದಳು. ಅವಳ ಪಕ್ಕದ ಪುಟ್ಟ ಬೀರುವಿನ ಮೇಲೆ ನೀರಿನ ಬಾಟಲಿ ಇತ್ತು. ಬಾಟಲಿಯ ಹೊಟ್ಟೆಗೆ ಆ ಟೇಪು ಅಂಟಿತ್ತು. ಕ್ಯಾಥೆಟರ್ ತೆಗೆದ ದಿನ, ಚೀಲವನ್ನು ಬಿಸಾಡುವ ಮೊದಲು ತಾಯಿ ಅದನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಉಳಿಸಿಕೊಂಡಿದ್ದಳು, ಮಗು ಮನೆಗೆ ಹೋದಮೇಲೆ ಬೇಕೆಂದು ಅತ್ತರೆ ಎಂದು. ಆರು ಕಾಲಿನ ಜೀರುಂಡೆ, ಪಕ್ಕದಲ್ಲಿ ಹದಿನೈದು. ನರ್ಸ್ ದಿನಕ್ಕೆ ಇಪ್ಪತ್ತು ಸಲ ಆ ಕೋಣೆಗೆ ಬರುತ್ತಿದ್ದಳು. ಬಾಟಲಿ ಒಮ್ಮೆ ಮುಖ ತಿರುಗಿಸಿಕೊಂಡಿರುತ್ತಿತ್ತು, ಒಮ್ಮೆ ಅವಳನ್ನೇ ನೋಡುತ್ತಿತ್ತು.

ಹನ್ನೊಂದಕ್ಕೆ ನೋಡಲು ಬರುವವರ ಹೊತ್ತು. ಜೀರುಂಡೆಯ ತಂದೆ ಬಂದ, ಜೊತೆಗೆ ಅವನ ತಾಯಿ. ತಂದೆ ಬಸ್ ಡಿಪೋದಲ್ಲಿ ಇಂಜಿನ್ ರಿಪೇರಿಯವನು. ಮಗಳ ಹತ್ತಿರ ಹೋಗುವ ಮೊದಲು ಉಗುರಿನ ಕಪ್ಪನ್ನು ಮುಚ್ಚಿಕೊಳ್ಳಲು ಮುಷ್ಟಿ ಕಟ್ಟುತ್ತಿದ್ದ. ಅಜ್ಜಿ ಮಂಚದ ಕಾಲ್ದೆಸೆಯಲ್ಲಿ ನಿಂತು ಮೊಮ್ಮಗಳನ್ನು ನೋಡಿದಳು, ಹೊದಿಕೆ ಸರಿ ಮಾಡಿದಳು, ಮೂಗು ಒರೆಸಿಕೊಂಡಳು. ಆಮೇಲೆ ಸೊಸೆಯ ಕಡೆ ತಿರುಗದೆಯೇ ಶುರುಮಾಡಿದಳು. "ನಮ್ಮ ಮನೇಲಿ ಐದು ಮಕ್ಕಳು ಬೆಳೆದ್ವು. ಒಂದಕ್ಕೂ ಇಂಥ ಕಾಯಿಲೆ ಇಲ್ಲ. ಕೈ ತೊಳೀ ಅಂದ್ರೆ ನಲ್ಲಿಗೆ ಕೈ ತೋರಿಸಿ ಬರೋಳು. ಎಷ್ಟು ಸಲ ಹೇಳಿಲ್ಲ ನಾನು? ಈಗ ಉಜ್ಜು, ಮೂಳೆ ಕಾಣೋ ತನಕ ಉಜ್ಜು."

"ಅಮ್ಮ, ಸುಮ್ನಿರಮ್ಮ" ಎಂದ ಮಗ.

"ನಾನ್ಯಾಕೆ ಸುಮ್ನಿರ್ಲಿ? ಗೋಡೆ ಮೇಲೇ ಬರೆದು ಹಾಕಿದ್ದಾರೆ. ಓದಿದವರು ಸುಮ್ಸುಮ್ನೆ ಬರೀತಾರಾ?" ಅಜ್ಜಿ ಈಗ ನರ್ಸಿನ ಕಡೆ ತಿರುಗಿದಳು. ಡ್ರಿಪ್ಪಿನ ಹನಿ ಎಣಿಸುವ ನೆಪದಲ್ಲಿ ಅವಳು ಅಲ್ಲೇ ನಿಂತಿದ್ದಳು. "ನೀವೇ ಹೇಳಿ ತಾಯಿ, ಗಲೀಜು ಕೈಯಲ್ಲಿ ಮುಟ್ಟಿದ್ರೆ ಇದು ಬರುತ್ತೋ ಇಲ್ವೋ?"

ತಾಯಿಯೂ ತಲೆಯೆತ್ತಿ ನೋಡಿದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ. ಪರೀಕ್ಷೆಯ ಫಲಿತಾಂಶ ಓದಿಹೇಳುವವರನ್ನು ನೋಡುವ ಹಾಗಿತ್ತು. ಇಲ್ಲ ಎಂದರೆ ಆಗಿತ್ತು. ಒಂದೇ ಪದ. ಇಲ್ಲ ಎಂದರೆ ಮತ್ತೆ ಹೇಗೆ ಬಂತು ಎನ್ನುತ್ತಾಳೆ ಮುದುಕಿ. ಹೇಗೆ ಎಂದರೆ ಟೇಪು. ಟೇಪು ಅಲ್ಲೇ, ಒಂದು ಮೊಳ ದೂರದಲ್ಲಿ, ಬಾಟಲಿಯ ಮೇಲಿತ್ತು. "ಬರಬಹುದು..." ಎಂದಳು ಅವಳು. ದನಿ ಅವಳದೇ, ಆದರೆ ಸಿಂಕಿನ ಮೇಲಿನ ಕಾಗದ ಮಾತಾಡಿದ ಹಾಗೆ ಕೇಳಿತು. "ಹಾಗೇ ಬಂತು ಅಂತ ಹೇಳೋಕಾಗಲ್ಲ. ಆದ್ರೆ ಬರಬಹುದು." ಅಜ್ಜಿ ಗೆದ್ದವಳ ಹಾಗೇನೂ ಕಾಣಲಿಲ್ಲ. ಒಮ್ಮೆಲೇ ಮುದಿಯಾಗಿ ಕುರ್ಚಿಯಲ್ಲಿ ಕುಸಿದು, ಬಾಯಿಗೆ ಕೈ ಅಡ್ಡ ಇಟ್ಟು ಅಳತೊಡಗಿದಳು. ತಾಯಿ ಅಳಲಿಲ್ಲ. ಎದ್ದು ಕೈ ತೊಳೆಯಲು ಹೋದಳು.

ಎರಡು ವರ್ಷದ ಹಿಂದೆ, ನರ್ಸಿನ ಗಂಡ ತೀರಿಹೋದ ದಿನ ಬೆಳಿಗ್ಗೆ, ಅವನು ಅಂಗಿಯ ಗುಂಡಿಯನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದ. ಮಂಚದ ತುದಿಯಲ್ಲಿ ಕೂತು, ಎದೆ ಮುಟ್ಟಿಕೊಂಡು, "ಇಲ್ಲಿ ಏನೋ ಹಿಡ್ಕೊಂಡ ಹಾಗಿದೆ ಕಣೇ" ಎಂದ. ಗ್ಯಾಸ್ ಇರ್ಬೇಕು ಎಂದು ಮಾತ್ರೆ ಕೊಟ್ಟು, ತಪ್ಪಿದ ಗುಂಡಿ ಸರಿಮಾಡಿ, ಅವಳು ಡ್ಯೂಟಿಗೆ ಬಂದಳು. ಆಮೇಲೆ ಇದೇ ಆಸ್ಪತ್ರೆಯ ಹೃದಯದ ಡಾಕ್ಟರು ಅವಳನ್ನು ಕೂರಿಸಿ ಹೇಳಿದ್ದರು: "ನೀವು ಪಕ್ಕದಲ್ಲೇ ಇದ್ದಿದ್ರೂ ಅಷ್ಟೇ ಆಗ್ತಿತ್ತು. ನಿಮ್ಮ ತಪ್ಪಿಲ್ಲ." ಅವಳು ತಲೆಯಾಡಿಸಿದ್ದಳು. ದೊಡ್ಡ ಮನುಷ್ಯರು, ಒಳ್ಳೆಯವರು, ಹಾಗೆ ಹೇಳುತ್ತಾರೆ. ಚಹಾ ತರಿಸಿಕೊಟ್ಟಿದ್ದರು. ಅದರ ಮೇಲೆ ಕೆನೆ ಕಟ್ಟುವವರೆಗೂ ನೋಡುತ್ತಾ ಕೂತಿದ್ದಳು.

ಮಧ್ಯಾಹ್ನ ಎರಡಕ್ಕೆ ಕಿಡ್ನಿಯ ಡಾಕ್ಟರಮ್ಮ ಬಂದರು. ತಂದೆತಾಯಿಯನ್ನು ಗಾಜಿನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾವೂ ಒಂದು ಸ್ಟೂಲು ಎಳೆದುಕೊಂಡು ಕೂತರು. ಅವರು ಕೂತರೆಂದರೆ ಏನು ಎಂದು ವಾರ್ಡಿನವರಿಗೆಲ್ಲ ಗೊತ್ತು. ಆಯಾ ನೀರಿನ ಬಕೆಟ್ಟನ್ನು ಸದ್ದಾಗದಂತೆ ಎತ್ತಿಕೊಂಡು ಹೋದಳು. ಡಾಕ್ಟರಮ್ಮ ಕಾಗದದ ಹಿಂಬದಿಯಲ್ಲಿ ಎರಡು ಕಿಡ್ನಿಗಳನ್ನು ಅವರೆಬೀಜದ ಹಾಗೆ ಬರೆದು ಎಡಗಡೆಯದಕ್ಕೆ ಗೀಟು ಹಾಕಿದರು. "ಇದು ನಿಂತು ನಾಲ್ಕು ದಿನ ಆಯ್ತು. ಬಲಗಡೆದು ನಿಲ್ತಾ ಇದೆ. ಫಂಗಸ್ಸು ರಕ್ತಕ್ಕೂ ಸೇರಿದೆ. ಅದಕ್ಕೆ ಕೊಡೋ ಔಷಧಿ ಇದೆಯಲ್ಲ, ಅದೂ ಕಿಡ್ನಿಗೆ ಭಾರವೇ. ಕೊಡದೆ ವಿಧಿಯಿಲ್ಲ."

"ಡಯಾಲಿಸಿಸ್ ಅಂತಾರಲ್ಲ" ಎಂದ ತಂದೆ. ಯಾರೋ ಡಿಪೋದಲ್ಲಿ ಹೇಳಿದ್ದಿರಬೇಕು.

"ಹೊಟ್ಟೆ ಮೂಲಕ ಮಾಡೋಕೆ ಹೊಟ್ಟೆಯ ಗಾಯ ಬಿಡಲ್ಲ. ಐಸಿಯುಗೆ ಒಯ್ದು ಮೆಷಿನ್ ಹಾಕಬಹುದು. ಬಿಪಿ ಇಷ್ಟು ಕಡಿಮೆ ಇದ್ರೆ ಮೆಷಿನ್ ಮೇಲೇ..." ಅವರು ನಿಲ್ಲಿಸಿ ಇನ್ನೊಂದು ದಾರಿಯಿಂದ ಬಂದರು. "ಸಂಜೆ ಐದಕ್ಕೆ ಮತ್ತೆ ಬರ್ತೀನಿ. ಅಷ್ಟರಲ್ಲಿ ಬಲಗಡೆ ಚೀಲಕ್ಕೆ ಸ್ವಲ್ಪ ಇಳಿದ್ರೂ ಐಸಿಯುಗೆ ಹೋಗೋಣ, ಪ್ರಯತ್ನ ಮಾಡೋಣ. ಇಳೀದೇ ಇದ್ರೆ... ನೀವು ಅವಳ ಹತ್ರಾನೇ ಇರಿ. ಸೂಜಿಗಳನ್ನ ಕಡಿಮೆ ಮಾಡ್ತೀವಿ."

ತಂದೆ ಕಾಗದವನ್ನು ಕೇಳಿ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದ, ಯಾವುದೋ ಬಿಡಿಭಾಗದ ನಕ್ಷೆಯ ಹಾಗೆ. ತಾಯಿ ಒಂದೇ ಮಾತು ಕೇಳಿದಳು: "ಇದು ಹೇಗೆ ಒಳಗೆ ಹೋಯ್ತು ಡಾಕ್ಟ್ರೇ?" ಡಾಕ್ಟರಮ್ಮ ಅವಳ ಕೈ ನೋಡಿದರು, ಗೋಡೆಯ ಸೂಚನೆ ನೋಡಿದರು. "ಇಷ್ಟು ದಿನ ಆಸ್ಪತ್ರೆಲಿದ್ರೆ ಬರುತ್ತಮ್ಮ. ಅದನ್ನೆಲ್ಲ ಈಗ ಯೋಚಿಸ್ಬೇಡಿ" ಎಂದರು. ಅವರಿಗೆ ಹೇಗೆ ಗೊತ್ತಾಗಬೇಕು. ಅವರ ಕಾಗದದಲ್ಲಿ ಕ್ಯಾಥೆಟರ್ ಹಾಕಿದ್ದು ಹದಿನೈದಕ್ಕೆ.

ಎರಡೂವರೆ. ಸೊನ್ನೆ. ಮೂರೂವರೆ. ಸೊನ್ನೆ. ನಾಲ್ಕೂಕಾಲು. ಸೊನ್ನೆ. ನಳಿಕೆ ಎಲ್ಲಾದರೂ ಮಡಿಸಿಕೊಂಡಿದೆಯೇ ಎಂದು ಉದ್ದಕ್ಕೂ ಬೆರಳಾಡಿಸಿದಳು, ಮಡಿಸಿರಲಿಲ್ಲ. ಜೀರುಂಡೆಯ ರೆಪ್ಪೆಗಳು ಅರ್ಧ ತೆರೆದಿದ್ದವು, ನಡುವೆ ಬಿಳಿ. ಮುಖ ಊದಿ, ಬೇರೆ ಯಾರದೋ ಮಗುವಿನದಾಗಿತ್ತು. ಅವಳು ಹೊರಗೆ ಬಂದಾಗ ತಾಯಿ ಸಿಂಕಿನ ಮುಂದೆ ನಿಂತಿದ್ದಳು. ಬಾಟಲಿ ತುಂಬಿಸಲು ಬಂದವಳು ಅದನ್ನು ಪಕ್ಕಕ್ಕಿಟ್ಟು ಕೈ ತೊಳೆಯುತ್ತಿದ್ದಳು. ಸೋಪಿನ ನೊರೆಯಲ್ಲಿ ತೆಳ್ಳಗೆ ಕೆಂಪು ಬೆರೆತಿತ್ತು.

"ಸಾಕು, ನಲ್ಲಿ ನಿಲ್ಸಿ."

"ಇನ್ನೂ ಇಪ್ಪತ್ತಾಗಿಲ್ಲ ಸಿಸ್ಟರ್."

ಅವಳೇ ನಲ್ಲಿ ನಿಲ್ಲಿಸಿದಳು. "ನಿಮ್ಮ ಕೈಯಿಂದ ಬಂದಿದ್ದಲ್ಲ ಇದು." ತಾಯಿಯ ಕೈಗಳು ಇನ್ನೂ ಒಂದರೊಳಗೊಂದು ಇದ್ದವು. "ನನ್ನಿಂದ ಆಗಿದ್ದು. ನೋಡಿ ಇಲ್ಲಿ." ಬಾಟಲಿ ಎತ್ತಿಕೊಂಡು ಟೇಪಿನ ಮೇಲೆ ಬೆರಳಿಟ್ಟಳು. "ಈ ತಾರೀಖು ತಪ್ಪು. ಇಲ್ಲಿ ನಾಲ್ಕು ಅಂತ ಬರೀಬೇಕಿತ್ತು. ಪೈಪು ಹಾಕಿದ್ದು ನಾಲ್ಕಕ್ಕೆ, ನಾನು ಚೀಲ ಬದಲಿಸಿದ ದಿನ ಬರೆದೆ. ಅದ್ರಿಂದ ಪೈಪು ಹೊಸದು ಅಂದ್ಕೊಂಡು ಯಾರೂ ತೆಗೀಲಿಲ್ಲ. ಹತ್ತೊಂಬತ್ತು ದಿನ ಒಳಗೇ ಇತ್ತು. ಮೂತ್ರದಲ್ಲಿ ಫಂಗಸ್ ಇದೆ ಅಂತ ಮೊದಲೇ ಬಂದಿತ್ತು. ಡಾಕ್ಟರು ನನ್ನನ್ನೇ ಕೇಳಿದ್ರು, ನಾನು ಎರಡು ದಿನದ್ದು ಅಂದೆ." ಮಾತುಗಳು ವರದಿ ಒಪ್ಪಿಸುವ ದನಿಯಲ್ಲಿ, ಒಂದಾದ ಮೇಲೊಂದು, ತಡೆಯಿಲ್ಲದೆ ಬಂದವು. ಅಳುವಾದರೂ ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ.

ತಾಯಿ ಟೇಪನ್ನು ನೋಡಿದಳು. "ಅಂದ್ರೆ... ಆವತ್ತೇ ತೆಗೆದಿದ್ರೆ ಬರ್ತಿರ್ಲಿಲ್ವಾ?"

ಬರುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದಳು. ದೊಡ್ಡ ಸಿಸ್ಟರ ಮಾತು ನೆನಪಾಯಿತು, ಹೊಟ್ಟೆಯಿಂದ ಬರುತ್ತೆ, ಲೈನಿಂದ ಬರುತ್ತೆ. "ಬರ್ತಿರ್ಲಿಲ್ಲವೇನೋ. ಖಂಡಿತ ಅಂತ ಹೇಳೋಕೆ..." ಎಂದಳು.

ತಾಯಿ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆ ಅವಳಿಗೆ ಗುರುತಿತ್ತು. ಕೆನೆಗಟ್ಟಿದ ಚಹಾದ ಮುಂದೆ ಕೂತು ತಾನು ಹಾಗೇ ಆಡಿಸಿದ್ದಳು. "ನೀವು ಒಳ್ಳೆಯವರು ಸಿಸ್ಟರ್" ಎಂದಳು ತಾಯಿ.

"ಇಲ್ಲ, ನಾನು ಸುಳ್ಳು ಹೇಳ್ತಿಲ್ಲ. ಹಳೇ ಫೈಲಿದೆ, ಕೆಳಗೆ, ಬೇಕಿದ್ರೆ ತಂದು ತೋರಿಸ್ತೀನಿ—"

"ಬೇಡ ಸಿಸ್ಟರ್." ಒದ್ದೆ ಕೈಯಿಂದ ತಾಯಿ ಅವಳ ಮಣಿಕಟ್ಟು ಹಿಡಿದಳು. ಆ ಕೈ ಒರಟಾಗಿತ್ತು, ಬಿಸಿಯಾಗಿತ್ತು. "ಬೆಳಿಗ್ಗೆ ಅತ್ತೆ ಎದುರು ಕೇಳಿದಾಗ ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರಲ್ಲ. ಆಗ ಯಾರ ಮುಲಾಜೂ ನೋಡ್ಲಿಲ್ಲ ನೀವು. ಈಗ ನನ್ನ ಸ್ಥಿತಿ ನೋಡೋಕಾಗದೆ ನಿಮ್ಮ ಮೇಲೆ ಹಾಕ್ಕೋತಿದ್ದೀರ. ನಂಗೆ ಗೊತ್ತಾಗಲ್ವಾ? ಅವಳಿಗೆ ಕೂತು ಚಿತ್ರ ಬಿಡಿಸಿಕೊಟ್ಟವರು ನೀವು. ಒಬ್ಬರೇ." ಅವಳ ಗಂಟಲಿನಲ್ಲಿ ನಗುವಿನಂಥದ್ದೊಂದು ಹೊರಳಿತು. "ಕಾಲು ಐದೇ ಇತ್ತಂತೆ. ಬಂದೋರಿಗೆಲ್ಲ ಹೇಳ್ತಿದ್ಲು, ನಮ್ಮ ಸಿಸ್ಟರಿಗೆ ಎಣಿಸೋಕೆ ಬರಲ್ಲ, ನಾನೇ ಹೇಳ್ಕೊಟ್ಟೆ ಅಂತ."

ಆಮೇಲೆ ತಾಯಿ ನಲ್ಲಿ ತಿರುಗಿಸಿ ಮೊದಲಿನಿಂದ ಶುರುಮಾಡಿದಳು. ಅಂಗೈ, ಹಿಂಗೈ. ಒಂದು, ಎರಡು, ಮೂರು. ಅವಳು ಅಲ್ಲೇ ನಿಂತಿದ್ದಳು. ಮತ್ತೊಮ್ಮೆ ಹೇಳಬಹುದಿತ್ತು. ಕೂಗಿ ಹೇಳಬಹುದಿತ್ತು. ಎಷ್ಟು ಹೇಳಿದರೂ ಅಷ್ಟಷ್ಟೇ ಒಳ್ಳೆಯವಳಾಗುತ್ತಾ ಹೋಗುತ್ತಾಳೆ ಎನ್ನುವುದು ಅವಳಿಗೆ ಸ್ಪಷ್ಟವಾಗಿ ಕಂಡಿತು, ಗಾಜಿನಾಚೆಯ ವಸ್ತುವಿನಂತೆ. ಪಕ್ಕದಲ್ಲಿ ಆಯಾ ಬಂದು ನಿಂತದ್ದು ಗೊತ್ತಾಗಲಿಲ್ಲ. "ಸಿಸ್ಟರ್, ಬಲಗಡೆ ಚೀಲದ ಬಿರಟೆ ಸೋರ್ತಾ ಇದೆ. ನೆಲದ ಮೇಲೆ ಒಂದು ಹನಿ ಬಿದ್ದಿದೆ" ಎಂದಳು ಆಯಾ. ಅವಳು ಓಡಿದಳು. ನೆಲದ ಮೇಲೆ ಒಂದೇ ಹನಿ. ಬೆಳಗಿನ ಹತ್ತರಲ್ಲಿ ಉಳಿದದ್ದು. ಹೊಸದಲ್ಲ.

ಹೊಸ ಚೀಲ ತಂದು ಜೋಡಿಸಿದಾಗ ನಾಲ್ಕೂಮುಕ್ಕಾಲು. ಟೇಪಿನ ಸುರುಳಿ ಕೈಗೆತ್ತಿಕೊಂಡದ್ದನ್ನು ನೋಡಿ ತಾಯಿ ಕುರ್ಚಿಯ ತುದಿಯಿಂದ ಬಗ್ಗಿದಳು. "ಅದಕ್ಕೂ ಒಂದು ಬಿಡಿಸಿಕೊಡಿ ಸಿಸ್ಟರ್. ನೋಡಿದ್ರೆ ಏನಾದ್ರೂ ಮಾತಾಡ್ತಾಳೇನೋ." ತಂದೆ ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಿದ್ದ. ಅವಳು ಟೇಪು ಹರಿದು ತೊಡೆಯ ಮೇಲೆ ಅಂಟಿಸಿಕೊಂಡಳು. "ಇವತ್ತು ತಾರೀಖು ಎಷ್ಟು?" ಎಂದು ಕೇಳಿದಳು. "ನಾಲ್ಕು" ಎಂದಳು ತಾಯಿ, "ಬಂದು ಸರಿಯಾಗಿ ಒಂದು ತಿಂಗಳು." ಅವಳು ನಾಲ್ಕು ಬರೆಯಲಿಲ್ಲ. ನಳಿಕೆ ಹಾಕಿದ ದಿನ ಬರೆದಳು, ಇಪ್ಪತ್ತೊಂಬತ್ತು. ಈ ಸಲ ತಪ್ಪಲಿಲ್ಲ. ಪಕ್ಕದಲ್ಲಿ ಉದ್ದ ಮೈ ಬಿಡಿಸಿದಳು, ಎರಡು ರೆಕ್ಕೆ, ಉಬ್ಬಿದ ಕಣ್ಣು. ಒಂದು ಕಾಲು, ಎರಡು, ಮೂರು, ನಾಲ್ಕು. ಐದು. ಅಲ್ಲಿಗೆ ಕೈ ನಿಲ್ಲಿಸಿ, ಟೇಪನ್ನು ಚೀಲಕ್ಕೆ ಅಂಟಿಸಿ, ಅದನ್ನು ಮೇಲೆತ್ತಿ ಜೀರುಂಡೆಯ ಅರ್ಧ ತೆರೆದ ಕಣ್ಣಿಗೆ ಎದುರಾಗಿ ಹಿಡಿದಳು. "ಪುಟ್ಟಾ, ನೋಡು. ನಿನ್ನ ಚೀಲ." ರೆಪ್ಪೆ ಒಮ್ಮೆ ಅದುರಿತು, ಅಥವಾ ಅದುರಿದ ಹಾಗೆ ಕಂಡಿತು. ತಾಯಿಯ ತುಟಿಗಳು ಎಣಿಸುತ್ತಿದ್ದವು. ಹೊರಗೆ ಕಾರಿಡಾರಿನ ತುದಿಯಿಂದ ಡಾಕ್ಟರಮ್ಮನ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು. ಚೀಲ ಹಗುರವಾಗಿತ್ತು, ಒಳಗೆ ಗಾಳಿಯೂ ಇರಲಿಲ್ಲ. ಅವಳು ತೋಳು ಸೋಲುವವರೆಗೂ ಅದನ್ನು ಹಾಗೇ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು, ಆರನೆಯ ಕಾಲಿಗೆಂದು.